ನೌಕರಿ ಮಾಡ್ಕೊಂಡು ಬರೆಯೋದು, ಬಿಡಿಸೋದು, ಹಾಡೋದು: ನಿಮಗೆ ಹೊತ್ತು ಎಲ್ಲಿ ಸಿಗುತ್ತೆ?

ಭೀಮಾ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಕತೆ ಬರೆಯುವ ಆಸೆ ಕಾಲೇಜಿನಿಂದಲೂ ಇದೆ. ಒಂದೆರಡು ಕತೆ ಪತ್ರಿಕೆಯಲ್ಲಿ ಬಂದಿವೆ. ಈಗ ತಲೆಯಲ್ಲಿ ಒಂದು ದೊಡ್ಡ ಕತೆ ಕೂತಿದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ತುಂಬಿ ಬಂತಲ್ಲ, ಆಗ ಊರು ಬಿಟ್ಟು ಎತ್ತರಕ್ಕೆ ಹೋದವರ ಕತೆ ಅದು. ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಒಬ್ಬ ಮುದುಕಿ ಅದರಲ್ಲಿದ್ದಾಳೆ. ಅವಳನ್ನು ನಾನು ಬರೆಯಲೇಬೇಕು.

ಆದರೆ ಮಾರ್ಚ್ ತಿಂಗಳು ಹೇಗಿರುತ್ತೆ ಅಂತ ಕಚೇರಿಯಲ್ಲಿರುವವರಿಗೆ ಗೊತ್ತು. ಬಿಲ್ ಖಜಾನೆಗೆ ಹೋಗಬೇಕು. ಅನುದಾನ ವಾಪಸ್ ಹೋಗಬಾರದು. ಸಕಾಲ ಅರ್ಜಿಗಳ ಗಡುವು ಬೇರೆ. ಸಂಜೆ ಮೇಲಿನವರ ವಿಡಿಯೊ ಕಾನ್ಫರೆನ್ಸ್. ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಗ್ರೂಪಿನಲ್ಲಿ ಮತ್ತೆ ಮೆಸೇಜ್, ನಾಳೆ ಬೆಳಗ್ಗೆ ಮಾಹಿತಿ ಬೇಕು ಅಂತ.

ಈಗ ಕೇಳ್ತಾ ಇರೋದಕ್ಕೆ ಕಾರಣ ಇದೆ. ಏಪ್ರಿಲ್, ಮೇ ಬಂದರೆ ನಮ್ಮ ವಿಭಾಗದ ಕಚೇರಿಗಳಿಗೆ ಬೇಸಿಗೆ ವೇಳೆ. ಬೆಳಗ್ಗೆ 8ರಿಂದ ಮಧ್ಯಾಹ್ನ 1:30. ಅಂದರೆ ಸಂಜೆಯವರೆಗೆ ದೊಡ್ಡ ಹೊತ್ತು ಕೈಗೆ ಸಿಗುತ್ತೆ. ಆದರೆ ಹೊರಗೆ 42, 43 ಡಿಗ್ರಿ ಬಿಸಿಲು. ಕರೆಂಟ್ ಹೋದರೆ ಕೂಲರ್ ನಿಲ್ಲುತ್ತೆ, ತಲೆಯೂ ನಿಲ್ಲುತ್ತೆ. ಉಂಡು ಮಲಗಿದರೆ ಏಳೋದು ಐದಕ್ಕೇ. ಈ ಎರಡು ತಿಂಗಳನ್ನು ಹೇಗೆ ಉಪಯೋಗಿಸಬೇಕು?

ಇನ್ನೊಂದು ತೊಂದರೆಯೂ ಇದೆ. ದಿನವಿಡೀ ಟಿಪ್ಪಣಿ ಬರೆದ ಕೈಗೆ ಕತೆಯ ಮಾತು ಬರಲ್ಲ. ವಾಕ್ಯ ಎಲ್ಲಾ ನೋಟ್ ಶೀಟಿನ ಥರ ಬಿಗಿದುಕೊಳ್ಳುತ್ತವೆ. ಇದು ಬೇರೆ ಯಾರಿಗಾದರೂ ಆಗಿದೆಯಾ? ನೌಕರಿ ಮಾಡುತ್ತಾ ಏನಾದರೂ ಮಾಡುತ್ತಿರುವವರು ದಯವಿಟ್ಟು ಹೇಳಿ.

ಸೇಡಂ ರಸ್ತೆ

ಬೆಳಗಿನ ಜಾವ 4:30ಕ್ಕೆ ಏಳಿ ಸರ್. ಬೇಸಿಗೆಯಲ್ಲಿ ನಮ್ಮ ಕಡೆ ತಂಪು ಅಂತ ಇರೋದೇ ಆ ಹೊತ್ತಿನಲ್ಲಿ. ಫೋನ್ ಬೇರೆ ಕೋಣೆಯಲ್ಲಿ ಇರಲಿ. ಮಧ್ಯಾಹ್ನ ನಂಬಬೇಡಿ, ಸುಮ್ನೆ ಮಲಗಿ. ನಾನು ಕಲಬುರಗಿಯಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ರಾತ್ರಿ 10ರವರೆಗೂ ಕಾಲ್ ಇರುತ್ತೆ. ಹಾರ್ಮೋನಿಯಂ ಅಭ್ಯಾಸ ಬೆಳಗ್ಗೆ ಬಿಟ್ಟರೆ ಬೇರೆ ಹೊತ್ತಿಗೆ ಆಗೋದೇ ಇಲ್ಲ.

ಚಿಂಚೋಳಿ ಟೀಚರ್

ಸೇಡಂ ರಸ್ತೆ ಅಣ್ಣಾ, ನಿಮ್ಮ ಮಾತು ನಿಮಗೆ ಸರಿ. ಆದರೆ ಯಾರನ್ನು ಕೇಳಿದರೂ ಇದನ್ನೇ ಹೇಳ್ತಾರೆ, ಅದಕ್ಕೇ ಬರೀತಾ ಇದ್ದೇನೆ. ನಮ್ಮಂಥ ಮನೆಗಳಲ್ಲಿ ಬೆಳಗ್ಗೆ 4:30 ಅಂದರೆ ಅದು ಆಗಲೇ ಕೆಲಸದ ಹೊತ್ತು. ಒಲೆ ಹಚ್ಚಬೇಕು, ನೀರು ಬಿಡುವ ದಿನವಾದರೆ ನೀರು ತುಂಬಬೇಕು, ರೊಟ್ಟಿ ಬಡಿಯಬೇಕು, ಮಕ್ಕಳ ಡಬ್ಬಿ ಕಟ್ಟಬೇಕು, ಬಸ್ ಹಿಡಿಯಬೇಕು. ಶಾಲೆಯಲ್ಲಿ ಪಾಠದ ಜೊತೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಸಮೀಕ್ಷೆ. ಬೆಳಗಿನ ಶಾಂತ ಹೊತ್ತು ಅನ್ನೋದು ಮನೆಯಲ್ಲಿ ಬೇರೆ ಯಾರೋ ಒಲೆ ಹಚ್ಚುವವರಿಗೆ ಮಾತ್ರ ಸಿಗುತ್ತೆ.

ನಾನು ಪದ್ಯ ಬರೆಯುತ್ತೇನೆ. ಹೇಗೆ ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ರೊಟ್ಟಿ ಬಡಿಯುವಾಗ ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತೆ, ತಲೆ ಖಾಲಿ ಇರುತ್ತೆ. ಪದ್ಯದ ಸಾಲು ಬರೋದು ಆವಾಗಲೇ. ಮೊದಲೆಲ್ಲ ಕೈ ತೊಳೆದು ಬರೆಯೋಣ ಅಂದುಕೊಳ್ಳುವಷ್ಟರಲ್ಲಿ ಮರೆತುಹೋಗುತ್ತಿತ್ತು. ಈಗ ಹಿಟ್ಟಿನ ಡಬ್ಬಿಗೆ ಫೋನ್ ಒರಗಿಸಿ ರೆಕಾರ್ಡರ್ ಹಚ್ಚಿಬಿಡುತ್ತೇನೆ. ಬಡಿಯುತ್ತಾ ಬಡಿಯುತ್ತಾ ಹೇಳಿಕೊಂಡು ಹೋಗುತ್ತೇನೆ. ಆಮೇಲೆ ಕೇಳಿದರೆ ರೊಟ್ಟಿ ಬಡಿಯುವ ಸದ್ದೂ ಅದರಲ್ಲಿ ಇರುತ್ತೆ, ಸಾಲಿನ ಲಯ ಅದಕ್ಕೇ ಕೂತಿರುತ್ತೆ. ಧ್ವನಿ ಕೇಳಿ ಟೈಪ್ ಮಾಡುವ ಸೌಲಭ್ಯ ಇದೆಯಲ್ಲ, ಅದಕ್ಕೆ ನಮ್ಮ ಕಡೆ ಮಾತು ಸರಿಯಾಗಿ ತಿಳಿಯಲ್ಲ. ಹಾಗಾಗಿ ಬರೀ ಧ್ವನಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಕೇಳಿ ವಹಿಯಲ್ಲಿ ಬರೆದುಕೊಳ್ಳುತ್ತೇನೆ.

ಇನ್ನೊಂದು ಮಾಡಿದೆ. ಮನೆಯಲ್ಲಿ ಬಾಯಿಬಿಟ್ಟು ಕೇಳಿದೆ. ವಾರಕ್ಕೆ ಎರಡು ದಿನ ಬೆಳಗ್ಗೆ ಬಿಸಿ ರೊಟ್ಟಿ ಮಾಡಲ್ಲ ಅಂತ ಅತ್ತೆಗೂ ನಮ್ಮನೆಯವರಿಗೂ ಹೇಳಿದೆ. ಆ ಎರಡು ದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸಂಘದ ಹೆಣ್ಣುಮಕ್ಕಳು ಮಾಡಿದ ಖಡಕ್ ರೊಟ್ಟಿ ಒಂದು ಕಟ್ಟು ತಂದಿಟ್ಟರೆ ವಾರಗಟ್ಟಲೆ ಕೆಡಲ್ಲ. ಅತ್ತೆ ಮೊದಲು ಮುಖ ಸಣ್ಣದು ಮಾಡಿದರು. ಆಮೇಲೆ ನನ್ನ ಪದ್ಯ ಆಕಾಶವಾಣಿಯಲ್ಲಿ ಬಂದಾಗ ಓಣಿಯವರನ್ನೆಲ್ಲ ಕರೆದು ಕೇಳಿಸಿದವರೂ ಅವರೇ. ಕೇಳದೇ ಇದ್ದರೆ ಆ ಹೊತ್ತು ಯಾರೂ ತಾವಾಗಿ ಕೊಡುತ್ತಿರಲಿಲ್ಲ.

ಸೇಡಂ ರಸ್ತೆ

ಹೌದು ಅಕ್ಕಾ. ನಮ್ಮ ಮನೆಯಲ್ಲಿ ಒಲೆ ಹಚ್ಚೋದು ಅವ್ವ. ಇದನ್ನು ನಾನು ಯೋಚಿಸಬೇಕು.

ರಾತ್ರಿ ಪಾಳಿ

ಸ್ಟಾಫ್ ನರ್ಸ್, ಕಲಬುರಗಿ. ಡ್ಯೂಟಿ ಲಿಸ್ಟ್ ಬದಲಾಗುತ್ತಲೇ ಇರುವವರಿಗೆ ದಿನಾ ಇದೇ ಹೊತ್ತು ಅನ್ನುವ ನಿಯಮ ನಡೆಯಲ್ಲ. ನಾನು ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಇಟ್ಟುಕೊಂಡಿದ್ದೇನೆ. ಲಿಸ್ಟ್ ಕೈಗೆ ಬಂದ ತಕ್ಷಣ ನನ್ನ ಹೊತ್ತನ್ನೂ ಅದರಲ್ಲೇ ಗುರುತು ಹಾಕುತ್ತೇನೆ. ನೈಟ್ ಡ್ಯೂಟಿ ಮುಗಿದ ದಿನ ಏನೂ ಬರೆಯಲ್ಲ, ಮಲಗುತ್ತೇನೆ. ನಿದ್ದೆ ಕದ್ದು ಬರೆದರೆ ಬರಹವೂ ಕೆಡುತ್ತೆ, ಡ್ಯೂಟಿಯೂ ಕೆಡುತ್ತೆ. ನಮ್ಮ ಕೆಲಸದಲ್ಲಿ ಡೋಸ್ ತಪ್ಪಿದರೆ ಅದು ಒಂದು ಜೀವದ ಪ್ರಶ್ನೆ.

ಬೀದರ್ ಬಿದ್ರಿ

ಭೀಮಾ ದಂಡೆ ಸರ್, ನಿಮ್ಮ ಪ್ರಶ್ನೆಗೆ ನಮ್ಮ ಕಸುಬಿನಿಂದ ಒಂದು ಉತ್ತರ ಇದೆ.

ನಾನು ಬೀದರಿನಲ್ಲಿ ಬ್ಯಾಂಕ್ ಕ್ಲರ್ಕ್. ಮನೆಯಲ್ಲಿ ತಾತನ ಕಾಲದಿಂದ ಬಿದ್ರಿ ಕೆಲಸ. ಬ್ಯಾಂಕಿನಿಂದ ಬಂದ ಮೇಲೆ ನಾನೂ ಕೂರುತ್ತೇನೆ. ಬಿದ್ರಿ ಒಂದೇ ಕೆಲಸ ಅಲ್ಲ, ಅದರೊಳಗೆ ಬೇರೆ ಬೇರೆ ಕೆಲಸಗಳಿವೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯಬೇಕು. ಅರ ಹಾಕಿ ಉಜ್ಜಿ ನುಣುಪು ಮಾಡಬೇಕು. ಮೈಲುತುತ್ತದ ನೀರು ಬಳಿದರೆ ಮೈ ಕಪ್ಪಾಗುತ್ತೆ, ಅದರ ಮೇಲೆ ಚಿತ್ರ ಗೀರಬೇಕು. ಆಮೇಲೆ ಉಳಿ ಹಿಡಿದು ಕೆತ್ತಬೇಕು. ಕೆತ್ತಿದ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಮೆಲ್ಲಗೆ ಬಡಿಯಬೇಕು. ಮತ್ತೆ ಉಜ್ಜಬೇಕು. ಕೊನೆಗೆ ಬಿಸಿ ಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು ಹಚ್ಚಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಬಿಳಿ ಉಳಿಯುತ್ತೆ.

ಇದರಲ್ಲಿ ಕೆತ್ತುವ ಕೆಲಸ ದಣಿದ ಕೈಯಲ್ಲಿ ಮಾಡಲೇಬಾರದು. ಉಳಿ ಒಂದು ಕೂದಲೆಳೆ ಜಾರಿದರೂ ಬಳ್ಳಿ ಮುರಿಯಿತು. ಅಪ್ಪ ಅದಕ್ಕೆ ಒಪ್ಪೋದೇ ಇಲ್ಲ. ಬ್ಯಾಂಕಿನಿಂದ ಬಂದ ದಿನ ನನ್ನ ಕೈಗೆ ಅರ ಕೊಡುತ್ತಾರೆ. ಉಜ್ಜು ಅಂತಾರೆ. ಉಜ್ಜೋದಕ್ಕೆ ತಲೆ ಬೇಡ, ತೋಳು ಸಾಕು. ಬೇಕಾದಾಗ ಬಿಟ್ಟು ಎದ್ದು ಹೋಗಬಹುದು, ಮರುದಿನ ಅಲ್ಲಿಂದಲೇ ಶುರು ಮಾಡಬಹುದು. ಕೆತ್ತನೆಗೆ ಭಾನುವಾರ ಬೆಳಗ್ಗೆ, ಎರಡನೇ ಮತ್ತು ನಾಲ್ಕನೇ ಶನಿವಾರದ ಬೆಳಗ್ಗೆ. ಆ ಹೊತ್ತಿನಲ್ಲಿ ಮನೆಗೆ ಯಾರು ಬಂದರೂ ಅಪ್ಪನೇ ಮಾತಾಡಿಸಿ ಕಳಿಸುತ್ತಾರೆ, ನನ್ನನ್ನು ಎಬ್ಬಿಸಲ್ಲ.

ಬರೆಯುವುದರಲ್ಲೂ ಹೀಗೆ ಎರಡು ಥರದ ಕೆಲಸ ಇರಬೇಕು ಅಲ್ವಾ? ತಾಜಾ ತಲೆ ಬೇಡುವ ಕೆಲಸ ಒಂದು, ದಣಿದ ಮೇಲೂ ಮಾಡಬಹುದಾದ ಕೆಲಸ ಇನ್ನೊಂದು. ಅದನ್ನು ಮೊದಲು ಬೇರೆ ಮಾಡಿಕೊಳ್ಳಿ. ಆಮೇಲೆ ಯಾವ ಹೊತ್ತಿಗೆ ಯಾವುದು ಅಂತ ಹಂಚಿ. ನೀವು ದಣಿದ ಹೊತ್ತಿಗೆ ಕೆತ್ತನೆ ಕೊಡುತ್ತಾ ಇದ್ದೀರಿ ಅಂತ ನನಗೆ ಅನಿಸುತ್ತೆ. ಕೂರುವ ಹೊತ್ತು ದೊಡ್ಡದಿರಲಿ ಚಿಕ್ಕದಿರಲಿ, ಅದಕ್ಕೆ ತಕ್ಕ ಕೆಲಸ ಇಟ್ಟುಕೊಂಡರೆ ಯಾವ ಹೊತ್ತೂ ದಂಡ ಆಗಲ್ಲ.

ಭೀಮಾ ದಂಡೆ

ಇದನ್ನು ಎರಡು ಸಲ ಓದಿದೆ. ನನ್ನ ಲೆಕ್ಕದಲ್ಲಿ ಹೊಸ ಪುಟ ಬರೆಯೋದು, ಮಾತು ಕಟ್ಟೋದು, ಇದು ಕೆತ್ತನೆ. ಶುದ್ಧಪ್ರತಿ ಮಾಡೋದು, ಟೈಪ್ ಮಾಡೋದು, ಕಾಗುಣಿತ ನೋಡೋದು, ಹಳೇ ಪೇಪರ್ ಕತ್ತರಿಸಿ ಇಟ್ಟಿದ್ದನ್ನು ಜೋಡಿಸೋದು, ಊರಿನ ನಕ್ಷೆ ಬಿಡಿಸಿಕೊಳ್ಳೋದು, ಪತ್ರಿಕೆಗೆ ಕಳಿಸೋದು, ಇವೆಲ್ಲ ಅರ ಹಾಕುವ ಕೆಲಸ. ಮಧ್ಯಾಹ್ನದ ಸುಡುಹೊತ್ತಿನಲ್ಲೂ ಇವನ್ನು ಮಾಡಬಹುದು.

ಹುಮನಾಬಾದ್ ರೈಲು

ಬೀದರ್ ಭಾಯಿ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಸಿಗುವ ಹೊತ್ತಿಗೆ ತಕ್ಕಂತೆ ಸಾಮಾನು ಇರಬೇಕು.

ನಾನು ಹುಮನಾಬಾದಿನಿಂದ ಕಲಬುರಗಿಗೆ ಕೆಲಸಕ್ಕೆ ಹೋಗಿ ಬರುವವನು. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾಯಿತು. ಮೊದಲು ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆ, ಈಗ ರೈಲಿನಲ್ಲಿ ಕೂತು ಹೋಗುತ್ತೇನೆ. ಮನೆಯಲ್ಲಿ ಬಣ್ಣ, ಕ್ಯಾನ್ವಾಸ್ ಎಲ್ಲಾ ಇದೆ. ಅದನ್ನು ಹರಡೋದಕ್ಕೇ ಅರ್ಧ ಗಂಟೆ ಬೇಕು, ಎತ್ತಿಡೋದಕ್ಕೆ ಇನ್ನರ್ಧ ಗಂಟೆ. ಹಾಗಾಗಿ ವರ್ಷಗಟ್ಟಲೆ ಮುಟ್ಟಿರಲಿಲ್ಲ. ರೈಲಿನಲ್ಲಿ ಅಂಗಿ ಜೇಬಿಗೆ ಹಿಡಿಸುವ ವಹಿ, ಒಂದು ಬಾಲ್‌ಪೆನ್. ಗಾಡಿ ಅಲ್ಲಾಡುತ್ತೆ, ಗೆರೆ ನೆಟ್ಟಗೆ ಬರಲ್ಲ. ಅದಕ್ಕೇ ಕಟ್ಟಡ ಬಿಡಿಸೋದು ಬಿಟ್ಟು ಮನುಷ್ಯರನ್ನು ಬಿಡಿಸೋದು ಕಲಿತೆ. ಹೆಗಲ ಮೇಲಿನ ಟವಲ್, ಮಡಿಲಲ್ಲಿ ಮಲಗಿದ ಮಗು, ಕಿಟಕಿ ಸರಳು ಹಿಡಿದ ಕೈ, ಇವಕ್ಕೆ ಅಲ್ಲಾಡುವ ಗೆರೆಯೇ ಚೆಂದ. ಮರಗುತ್ತಿ ಹತ್ತಿರ ಸುರಂಗ ಬಂದಾಗ ಎಲ್ಲರೂ ಫೋನಿನಿಂದ ತಲೆ ಎತ್ತುತ್ತಾರೆ. ಹೊರಗೆ ಬಂದ ಕೂಡಲೇ ಮುಖದ ಮೇಲೆ ಬೀಳುವ ಬೆಳಕನ್ನು ಹಿಡಿಯೋಕೆ ದಿನಾ ಕಾಯುತ್ತೇನೆ.

ಕಲಬುರಗಿಯವರೇ ಆದ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಮಾಡಿ ಹೊಟ್ಟೆ ಹೊರೆದರು. ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರು. ಅವರಿಗೆ ನೌಕರಿಯೂ ಚಿತ್ರವೇ, ಕಲೆಯೂ ಚಿತ್ರವೇ. ನಮಗೆ ಹಾಗಿಲ್ಲ. ಹಗಲೆಲ್ಲ ಎಕ್ಸೆಲ್ ಶೀಟ್ ನೋಡಿದ ಕಣ್ಣಿಗೆ ಆ ವಹಿ ತೆರೆದರೆ ಎಷ್ಟು ಹಿತ ಅಂತ ಮಾತಿನಲ್ಲಿ ಹೇಳೋಕೆ ಆಗಲ್ಲ.

ಸುರಪುರ ಸಗರನಾಡು

ನಮ್ಮ ಸುರಪುರದಲ್ಲಿ ಟೇಲರ್ ಮಂಜಿಲ್ ಇದೆ, ನೋಡಿರುತ್ತೀರಿ. ಅದು ಮೆಡೋಸ್ ಟೇಲರ್ ಅನ್ನುವ ಇಂಗ್ಲಿಷ್ ಅಧಿಕಾರಿ ಇದ್ದ ಬಂಗಲೆ. ಅವನು 1841ರಲ್ಲಿ ಇಲ್ಲಿಗೆ ಬಂದು, ಇಡೀ ಸಂಸ್ಥಾನದ ಆಡಳಿತ ನೋಡಿದವನು. ಅದರ ನಡುವೆಯೇ ಚಿತ್ರ ಬರೆದ, ರಾಜನಕೋಳೂರಿನ ಕಲ್ಲುಗೋರಿಗಳ ಬಗ್ಗೆ ಬರೆದ. ಕೆಲಸ ಜಾಸ್ತಿ ಅನ್ನುವವರು ಅವನನ್ನು ನೆನೆಸಿಕೊಳ್ಳಬೇಕು.

ರಾತ್ರಿ ಪಾಳಿ

ಸಗರನಾಡು ಅಣ್ಣಾ, ಅವನಿಗೆ ಬಂಗಲೆ ಇತ್ತು, ಆಳುಕಾಳು ಇದ್ದರು. ಅವನು ಬರೆದದ್ದಕ್ಕೆ ಗೌರವ ಇದೆ. ಆದರೆ ಅವನನ್ನು ತೋರಿಸಿ ನಮ್ಮ ಟೀಚರ್ ಅಕ್ಕನಿಗೆ ನೀವೂ ಬರೀರಿ ಅಂದರೆ ನ್ಯಾಯ ಆಗಲ್ಲ. ನಿಮ್ಮದೇ ಜಿಲ್ಲೆಯ ಮುದನೂರಿನ ದಾಸಿಮಯ್ಯನವರನ್ನು ಯಾಕೆ ಹೇಳಬಾರದು? ನೇಯ್ಗೆ ಕಾಯಕ ಮಾಡಿಕೊಂಡು ವಚನ ಹೇಳಿದವರು.

ಜೇವರ್ಗಿ ಮಾಸ್ತರ್

ಮಕ್ಕಳೇ, ನಾನು ನಿವೃತ್ತ ಶಿಕ್ಷಕ. ನಿಮ್ಮ ಮಾತು ಓದುತ್ತಾ ಕೂತಿದ್ದೆ. ರಾತ್ರಿ ಪಾಳಿ ತಂಗಿ ಹೇಳಿದ್ದು ಸರಿಯಾಗಿದೆ, ಅದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ವಚನ ಎಷ್ಟು ಸಣ್ಣದು ನೋಡಿ. ನಾಲ್ಕು ಸಾಲು, ಎಂಟು ಸಾಲು. ಮಗ್ಗದ ಮುಂದೆ ಕೂತವನು, ಹಗ್ಗ ಹೊಸೆಯುವವನು ತಲೆಯಲ್ಲೇ ಪೂರ್ತಿ ಮಾಡಿ ಇಟ್ಟುಕೊಳ್ಳಬಹುದು. ದುಡಿಯುವ ಜನ ತಮ್ಮ ಹೊತ್ತಿಗೆ ಹಿಡಿಸುವ ರೂಪವನ್ನು ಕಟ್ಟಿಕೊಂಡರು ಅಂತ ನಾನು ತಿಳಿದಿದ್ದೇನೆ. ಭೀಮಾ ದಂಡೆ ತಮ್ಮಾ, ನಿನ್ನ ದೊಡ್ಡ ಕತೆಯನ್ನೂ ಸಣ್ಣ ಸಣ್ಣ ತುಂಡು ಮಾಡು. ಒಂದು ಸಲ ಕೂತರೆ ಮುಗಿಯುವಷ್ಟು. ನೀರು ಏರಿದ ರಾತ್ರಿ ಒಂದು ತುಂಡು. ಎಮ್ಮೆ ಬಿಚ್ಚಿ ಬಿಟ್ಟಿದ್ದು ಒಂದು ತುಂಡು. ಪಟ್ಟಿ ಓದುವಾಗ ಮುದುಕಿ ಕಾದು ನಿಂತಿದ್ದು ಒಂದು ತುಂಡು. ಹೊಲಿಗೆ ಆಮೇಲೆ ಹಾಕಿದರಾಯಿತು.

ಇನ್ನೊಂದು. ನಮ್ಮ ಜೇವರ್ಗಿ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಭಜನಿ ಮೇಳಗಳಿವೆ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರಂಥವರೂ ಇದ್ದರು, ಜಾತಿ ಮತ ಕೇಳದ ಪರಂಪರೆ ಅದು. ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಹಗಲು ತೊಗರಿ ಹೊಲದಲ್ಲಿ ಬೆನ್ನು ಬಗ್ಗಿಸಿದವರು ರಾತ್ರಿ ಉಂಡು ಗುಡಿ ಮುಂದೆ ಸೇರುತ್ತಾರೆ. ಒಬ್ಬ ಏಕತಾರಿ ಹಿಡಿಯುತ್ತಾನೆ, ಒಬ್ಬ ದಮ್ಮಡಿ ಹಿಡಿಯುತ್ತಾನೆ. ಒಬ್ಬನೇ ಇದ್ದರೆ ಅವನೂ ಮಲಗಿಬಿಡುತ್ತಿದ್ದ. ಹತ್ತು ಜನ ಕಾಯುತ್ತಾರೆ ಅಂತ ಎದ್ದು ಬರುತ್ತಾನೆ. ಬರೆಯುವವರಿಗೂ ಹಾಗೆ ಕಾಯುವ ಮಂದಿ ಬೇಕು. ಇಬ್ಬರಿದ್ದರೂ ಸಾಕು. ತಿಂಗಳಿಗೊಮ್ಮೆ ಓದಿ ತೋರಿಸಬೇಕು ಅಂತ ಇದ್ದರೆ ಬರಹ ತಾನೇ ಮುಂದೆ ಹೋಗುತ್ತೆ.

ಟಿಪ್ಪಣಿಯ ಭಾಷೆ ಕತೆಗೆ ನುಗ್ಗುತ್ತೆ ಅಂದಿಯಲ್ಲ, ಅದಕ್ಕೆ ಮದ್ದು ಕಿವಿಯಲ್ಲಿದೆ. ಬರೆಯೋಕೆ ಕೂರುವ ಮೊದಲು ಒಂದು ಸುತ್ತು ಊರೊಳಗೆ ಹೋಗಿ ಬಾ. ಚಹಾದಂಗಡಿ ಕಟ್ಟೆಯಲ್ಲಿ ಕೂತು ಸುಮ್ನೆ ಕೇಳು. ಅಥವಾ ನಿಮ್ಮ ಅವ್ವನ ಜೊತೆ ಫೋನಿನಲ್ಲಿ ಮಾತಾಡಿ ಬಂದು ಕೂತುಕೋ. ಬರೆದಿದ್ದನ್ನು ಗಟ್ಟಿಯಾಗಿ ಓದು. ಆ ಮುದುಕಿ ಹೀಗೆ ಮಾತಾಡ್ತಾಳಾ ಅಂತ ಕೇಳಿಕೋ. ಕಚೇರಿಯ ವಾಕ್ಯ ಕಿವಿಗೆ ಬಿದ್ದ ಕೂಡಲೇ ಗೊತ್ತಾಗುತ್ತೆ.

ಗೀತಾ ನಾಗಭೂಷಣ ಅವರನ್ನೂ ನೆನೆಯಬೇಕು. ಕಲಬುರಗಿಯಲ್ಲೇ ಅಧ್ಯಾಪಕಿಯಾಗಿ ದುಡಿಯುತ್ತಾ ನಮ್ಮ ಕಡೆಯ ಬಡ ಹೆಣ್ಣುಮಕ್ಕಳ ಬದುಕನ್ನು ನಮ್ಮ ಮಾತಿನಲ್ಲೇ ಬರೆದರು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ನೆಲದ ಮಾತು ಪುಸ್ತಕಕ್ಕೆ ಸಾಲದು ಅನ್ನುವವರಿಗೆ ಅವರ ಬರಹವೇ ಉತ್ತರ.

ಚಿಂಚೋಳಿ ಟೀಚರ್

ಮಾಸ್ತರ್, ತುಂಡು ತುಂಡಾಗಿ ಬರೆಯುವ ಮಾತು ನನಗೂ ಬೇಕಿತ್ತು. ನಮಸ್ಕಾರ.

ಹೆಡ್ ಕ್ಲರ್ಕ್

ಭೀಮಾ ದಂಡೆ ಅವರೇ, ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ನೀವು ಸರ್ಕಾರಿ ನೌಕರರು, ಕತೆ ಪರಿಹಾರದ ಪಟ್ಟಿಯ ಬಗ್ಗೆ. 2021ರ ನಡತೆ ನಿಯಮಗಳನ್ನು ಮೊದಲು ಪೂರ್ತಿ ಓದಿ. ಕಡತದಲ್ಲಿ ನೋಡಿದ ಹೆಸರು, ಅಂಕಿ, ಪತ್ರ ಯಾವುದೂ ಕತೆಯೊಳಗೆ ಬರಬಾರದು. ಕಾವ್ಯನಾಮ ಇಟ್ಟುಕೊಂಡರೆ ನಿಯಮ ತಾಗಲ್ಲ ಅಂತ ಕೆಲವರು ತಿಳಿದಿದ್ದಾರೆ, ಅದನ್ನು ನಂಬಬೇಡಿ. ಪುಸ್ತಕ ತರುವ ಮಾತು ಬಂದಾಗ ಆಡಳಿತ ಶಾಖೆಯಲ್ಲಿ ಅರ್ಜಿ ಕೊಟ್ಟು, ಉತ್ತರವನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಿ. ಹೆದರಿಸುತ್ತಿಲ್ಲ. ನೀವು ನಿಶ್ಚಿಂತೆಯಿಂದ ಬರೆಯಬೇಕು ಅಂತಲೇ ಹೇಳುತ್ತಿದ್ದೇನೆ. ಆಮೇಲೆ ನೋಟಿಸ್ ಬಂದರೆ ಅದರ ಉತ್ತರ ಬರೆಯುವುದರಲ್ಲೇ ಹೊತ್ತೆಲ್ಲ ಹೋಗುತ್ತೆ.

ಇನ್ನೊಂದು, ಕಚೇರಿ ಹೊತ್ತಿನಲ್ಲಿ, ಕಚೇರಿ ಕಂಪ್ಯೂಟರಿನಲ್ಲಿ ಒಂದು ಸಾಲೂ ಬರೆಯಬೇಡಿ. ಕೆಲಸ ಚೊಕ್ಕ ಇದ್ದರೆ ಸಂಜೆ ಗ್ರೂಪಿನ ಮೆಸೇಜಿಗೆ ಬೆಳಗ್ಗೆ ಉತ್ತರ ಕೊಡುತ್ತೇನೆ ಅಂತ ಹೇಳುವ ಧೈರ್ಯವೂ ಬರುತ್ತೆ. ನಾನು ನನ್ನ ಶಾಖೆಯವರಿಗೆ ಹೇಳಿಬಿಟ್ಟಿದ್ದೇನೆ, ಪ್ರವಾಹ, ಚುನಾವಣೆಯಂಥ ತುರ್ತು ಬಿಟ್ಟರೆ ರಾತ್ರಿ 8ರ ಮೇಲೆ ಯಾರಿಗೂ ಫೋನ್ ಮಾಡಲ್ಲ ಅಂತ. ಮೇಲಿನ ಕುರ್ಚಿಯಲ್ಲಿ ಕೂತವರು ಇಷ್ಟು ಮಾಡಿದರೂ ಕೆಳಗಿನವರಿಗೆ ಎಷ್ಟೋ ಹೊತ್ತು ಉಳಿಯುತ್ತೆ.

ಭೀಮಾ ದಂಡೆ

ಹೆಡ್ ಕ್ಲರ್ಕ್ ಸರ್, ತುಂಬಾ ಉಪಕಾರ. ನಿಯಮ ಓದುತ್ತೇನೆ. ಮುದುಕಿಯ ಹೆಸರು, ಊರು ಎಲ್ಲಾ ಬದಲಾಯಿಸುತ್ತೇನೆ. ನನಗೆ ಬೇಕಿರೋದು ಪಟ್ಟಿ ಅಲ್ಲ, ಹೆಸರು ಕೂಗುವವರೆಗೆ ಅವಳು ಸೆರಗಿನ ತುದಿ ಸುತ್ತುತ್ತಾ ನಿಂತ ರೀತಿ.

ಎಲ್ಲರ ಮಾತು ಸೇರಿಸಿ ಒಂದು ಯೋಜನೆ ಮಾಡಿದ್ದೇನೆ. ಏಪ್ರಿಲ್ ಒಂದರಿಂದ ಕಚೇರಿಗೆ ಹೋಗುವ ಮೊದಲು, ಬೆಳಗ್ಗೆ ಆರರಿಂದ ಏಳು, ಹೊಸ ಬರವಣಿಗೆ. ಒಂದು ತುಂಡು ಮಾತ್ರ. ಆ ಒಂದು ಗಂಟೆಗೆ ಬದಲಾಗಿ ರಾತ್ರಿ ಪಾತ್ರೆ ಮತ್ತು ಮಗಳ ಹೋಂವರ್ಕ್ ನನ್ನದು ಅಂತ ಮನೆಯಲ್ಲಿ ಮಾತಾಗಿದೆ. ಟೀಚರ್ ಅಕ್ಕ ಬರೆದಿದ್ದನ್ನು ನಮ್ಮನೆಯವಳಿಗೆ ಓದಿಸಿದೆ. ಅವಳಿಗೂ ಕಸೂತಿ ಹಾಕುವ ಆಸೆ ಇತ್ತಂತೆ, ಯಾವತ್ತೂ ಹೇಳಿರಲಿಲ್ಲ. ಭಾನುವಾರ ಬೆಳಗ್ಗೆ ಅವಳ ಹೊತ್ತು, ಅಡುಗೆ ನಂದು.

ಮಧ್ಯಾಹ್ನ ಉಂಡು ಒಂದು ಗಂಟೆ ಮಲಗಿ, ಆಮೇಲೆ ಶುದ್ಧಪ್ರತಿ. ನಮ್ಮ ಪಡಸಾಲೆಗೆ ಶಹಾಬಾದ್ ಕಲ್ಲಿನ ಫರಸಿ ಹಾಸಿದ್ದಾರೆ. ನೀರು ಚಿಮುಕಿಸಿ ನೆಲದ ಮೇಲೆ ಕೂತರೆ ಕರೆಂಟ್ ಇಲ್ಲದಿದ್ದರೂ ಹೇಗೋ ನಡೆಯುತ್ತೆ. ಬೆವರಿಗೆ ಹಾಳೆ ಮುಂಗೈಗೆ ಅಂಟಿಕೊಳ್ಳುತ್ತೆ, ಕೆಳಗೆ ಒಂದು ಹತ್ತಿ ಬಟ್ಟೆ ಇಟ್ಟುಕೊಂಡರೆ ಶಾಯಿ ಹರಡಲ್ಲ. ಗ್ರಂಥಾಲಯಕ್ಕೂ ಹೋಗಿ ನೋಡಿದೆ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತುಂಬಿದ್ದಾರೆ, ಕುರ್ಚಿ ಅವರಿಗೇ ಇರಲಿ ಅನಿಸಿತು.

ರಾತ್ರಿ ಪಾಳಿ

ಜೂನ್‌ನಲ್ಲಿ ಮತ್ತೆ 10ರಿಂದ 5:30 ಆಗುತ್ತಲ್ಲ, ಆಗ ಏನು ಮಾಡ್ತೀರಿ ಅಂತ ಈಗಲೇ ಯೋಚಿಸಿ ಅಣ್ಣಾ. ನಮ್ಮಲ್ಲಿ ಲಿಸ್ಟ್ ಬದಲಾದ ವಾರದಲ್ಲೇ ಎಲ್ಲಾ ಕೈತಪ್ಪೋದು.

ಭೀಮಾ ದಂಡೆ

ಬೆಳಗಿನ ಆರು ಗಂಟೆ ಜೂನ್‌ನಲ್ಲೂ ಇರುತ್ತೆ ತಂಗಿ. ಮಧ್ಯಾಹ್ನದ ಹೊತ್ತು ಹೋಗುತ್ತೆ, ಆ ಕೆಲಸಕ್ಕೆ ಭಾನುವಾರ ಸಂಜೆ ಇಟ್ಟುಕೊಳ್ಳುತ್ತೇನೆ. ಅಷ್ಟರೊಳಗೆ ಕರಡು ಮುಗಿದಿರಬೇಕು ಅನ್ನೋದು ಆಸೆ.

ಬೀದರ್ ಬಿದ್ರಿ

ಕರಡು ಮುಗಿದ ಮೇಲೆ ಒಂದಿಷ್ಟು ದಿನ ಮುಟ್ಟದೆ ಇಡಿ ಸರ್. ಕೆತ್ತಿದ್ದನ್ನು ಅದೇ ದಿನ ನೋಡಿದರೆ ಮುರಿದ ಗೆರೆ ನಮಗೂ ಕಾಣಲ್ಲ.

ಜೇವರ್ಗಿ ಮಾಸ್ತರ್

ಕಾಯುವ ಮಂದಿ ಬೇಕು ಅಂದೆನಲ್ಲ, ನಾನು ಕಾಯುತ್ತೇನೆ. ಮೇ ಕೊನೆಯ ಭಾನುವಾರ ಯಾರು ಯಾರು ಏನು ಮಾಡಿದ್ದೀರೋ ಅದರ ಒಂದು ತುಂಡು ಇಲ್ಲಿ ಹಾಕಿ. ಪದ್ಯವಾದರೆ ಪದ್ಯ, ಚಿತ್ರವಾದರೆ ಫೋಟೋ, ಹಾರ್ಮೋನಿಯಂ ಆದರೆ ರೆಕಾರ್ಡಿಂಗ್. ಪೂರ್ತಿ ಓದಿ, ಕೇಳಿ, ಅನಿಸಿದ್ದನ್ನು ಬರೆಯುತ್ತೇನೆ. ಮುಖ ನೋಡಿ ಹೊಗಳೋದಿಲ್ಲ.

ಹುಮನಾಬಾದ್ ರೈಲು

ನಾನು ಇದ್ದೇನೆ ಮಾಸ್ತರ್.

ಸೇಡಂ ರಸ್ತೆ

ನಾನೂ. ಅವ್ವನಿಗೆ ವಾರದಲ್ಲಿ ಮೂರು ದಿನ ಬೆಳಗಿನ ಚಹಾ, ಉಪ್ಪಿಟ್ಟು ನಾನು ಮಾಡುತ್ತೇನೆ ಅಂದಿದ್ದೇನೆ. ಉಳಿದ ದಿನ ಅಭ್ಯಾಸ. ಒಂದು ತತ್ವಪದ ಕೂರಿಸುತ್ತೇನೆ, ತಪ್ಪಿದ್ದರೆ ತಿದ್ದಿ.

ಚಿಂಚೋಳಿ ಟೀಚರ್

ಮೇನಲ್ಲಿ ಶಾಲೆಗೆ ರಜೆ, ಆದರೆ ತವರಿಗೆ ಹೋಗುತ್ತೇನೆ, ಮನೆ ತುಂಬಾ ಮಂದಿ. ಅದಕ್ಕೇ ಏಪ್ರಿಲ್ ಕೊನೆಗೇ ಹಾಕಿಬಿಡುತ್ತೇನೆ, ನಡೆಯುತ್ತಾ ಮಾಸ್ತರ್?

ಜೇವರ್ಗಿ ಮಾಸ್ತರ್

ನಡೆಯುತ್ತೆ ತಾಯಿ. ಭೀಮಾ ದಂಡೆ, ನೀನು ಟೈಪ್ ಮಾಡುತ್ತಾ ಕೂರಬೇಡ. ಕೈಬರಹದ್ದೇ ಫೋಟೋ ತೆಗೆದು ಕಳಿಸು, ಅಕ್ಷರ ಮಾತ್ರ ದೊಡ್ಡದಿರಲಿ. ಮೊದಲು ಪಟ್ಟಿ ಓದುವ ತುಂಡು ಕಳಿಸು.